ಮಾನವಿಲ್ಲದ ಹದಿನೆಂಟು

ಒಂಬತ್ತನೆಯ ಕಂತು

“ನಿಮಗೆ ಈಜು ಬರುತ್ತಾ?” ಡೈವಿಂಗ್ ಸಾಮಾನಿನ ಅಂಗಡಿಯ ಯಜಮಾನಿ ಕೇಳಿದಳು.

“ಬಚ್ಚಲಲ್ಲಿ ಕಾಲು ಜಾರದೆ ನಿಲ್ಲೋಕೆ ಬರುತ್ತೆ,” ಎಂದಳು ತಕ್ಕಡಿ ಅಕ್ಕ. “ಅದಿರಲಿ. ನನಗೊಂದು ರೆಕ್ಕೆ ಬೇಕು. ವಿಮಾನದಲ್ಲಿ ತಗೊಂಡು ಹೋಗೋ ಅಂಥದ್ದು. ಚಿಕ್ಕದು.”

ಯಜಮಾನಿ ಗೋಡೆಯ ಗಡಿಯಾರವನ್ನೊಮ್ಮೆ, ಅಕ್ಕನ ಮುಖವನ್ನೊಮ್ಮೆ ನೋಡಿದಳು. ಗಂಟೆ ಎರಡೂ ಹತ್ತು. ನಾಲ್ಕಕ್ಕೆ ಸರಿಯಾಗಿ ಇನ್‌ಸ್ಪೆಕ್ಟರ್ ಬರುವವನಿದ್ದ. ಬಂದು, ಇದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ರಿಪೇರಿ ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿದ್ದ ಅಕ್ಕನ ಒಡಹುಟ್ಟಿದ ತಮ್ಮನನ್ನು ಜೀಪು ಹತ್ತಿಸಿಕೊಂಡು ಹೋಗುವವನಿದ್ದ. ಇಂಥ ಹೊತ್ತಿನಲ್ಲಿ ಐವತ್ತೊಂಬತ್ತರ ಹೆಂಗಸು, ಮಂಡಿನೋವಿನವಳು, ಸಮುದ್ರಕ್ಕೆ ಧುಮುಕುವ ಸಾಮಾನು ಕೊಳ್ಳಲು ನಿಂತಿದ್ದಾಳೆಂದರೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲವೇ ತಲೆ ಓಡುತ್ತಿರಬೇಕು.

ಹನ್ನೊಂದು ದಿನದ ಹಿಂದೆ, ನೀರಿನಡಿ ಚಿತ್ರ ತೆಗೆಯುವ ಫೋಟೋಗ್ರಾಫರ್ ಒಬ್ಬಳು ಊರಾಚೆಯ ಕಲ್ಲುಕ್ವಾರಿಯ ನೀರಿಗಿಳಿದವಳು ಮೇಲೆ ಬರಲಿಲ್ಲವೆಂದು ಊರೆಲ್ಲ ಸುದ್ದಿಯಾಗಿತ್ತು; ಐದನೆಯ ದಿನ ಇಪ್ಪತ್ತು ಮೀಟರ್ ಆಳದ ಕಲ್ಲಿನ ಮೆಟ್ಟಿಲ ಮೇಲೆ ಸಿಕ್ಕಿದ್ದು ಅವಳ ಸಿಲಿಂಡರು, ಬೆನ್ನಿನ ತಗಡು, ರೆಕ್ಕೆ ಮೊದಲಾದ ಸಾಮಾನು ಮಾತ್ರ. ರೆಕ್ಕೆಯ ಮೇಲೆ ‘ಪರೀಕ್ಷಿಸಿದೆ’ ಎಂಬ ಚೀಟಿ, ಕೆಳಗೆ ಈ ಅಂಗಡಿಯಲ್ಲಿ ರಿಪೇರಿ ಮಾಡುವ ತಮ್ಮನ ಸಹಿ. ಗಾಳಿ ಸೋರುವ ರೆಕ್ಕೆಗೆ ಸಹಿ ಹಾಕಿ ಒಂದು ಜೀವ ತೆಗೆದ ಎನ್ನುವುದು ಪೊಲೀಸರ ಲೆಕ್ಕ.

ಆ ಲೆಕ್ಕ ಸುಳ್ಳೆಂದು ಅಕ್ಕನಿಗೆ ಎದೆ ತಟ್ಟಿ ಹೇಳಲಾಗಿರಲಿಲ್ಲ. ಅವಳ ಸಂಕಟವೆಲ್ಲ ಅಲ್ಲೇ ಇತ್ತು. ತಮ್ಮ ಚಿಕ್ಕಂದಿನಿಂದ ನಲ್ಲಿ ತಿರುಗಿಸಿ ಮರೆಯುವವನು, ಒಲೆಯ ಮೇಲೆ ಹಾಲಿಟ್ಟು ಕಿಟಕಿಯಲ್ಲಿ ನಿಲ್ಲುವವನು. ಈಗ ನಲವತ್ತನಾಲ್ಕು ವರ್ಷವಾಗಿದ್ದರೂ ಅವನ ಒಂದು ಕಾಲುಚೀಲ ಯಾವಾಗಲೂ ಬೇರೆ ಬಣ್ಣದ್ದು. ಮೂರು ರಾತ್ರಿ ಅವಳು ಹಾಸಿಗೆಯಲ್ಲಿ ಹೊರಳಾಡಿ, ಅವನು ಮಾಡಿರಲಾರ ಎಂದುಕೊಂಡು, ಮಾಡಿದ್ದರೂ ಮಾಡಿರಬಹುದು ಎಂದು ಎದ್ದು ಕೂತಿದ್ದಳು.

“ಚಿಕ್ಕದು ಅಂದ್ರೆ ಎಷ್ಟು ಚಿಕ್ಕದು?” ಯಜಮಾನಿ ಕೇಳಿದಳು. ವ್ಯಾಪಾರದ ಮಾತು ಬಂದರೆ ಅವಳು ಗಡಿಯಾರ ಮರೆಯುವವಳು.

“ಅದನ್ನೇ ನೀನು ಹೇಳು. ಏನೂ ಗೊತ್ತಿಲ್ಲದವಳಿಗೆ ಹೇಳೋ ಹಾಗೆ ಹೇಳು.”

ಯಜಮಾನಿ ಕಪಾಟಿನಿಂದ ಒಂದು ಬಲೆಚೀಲ ತೆಗೆದು, ಒಳಗಿನ ಕಪ್ಪು ಬಟ್ಟೆಯನ್ನು ಮೇಜಿನ ಮೇಲೆ ಹರವಿದಳು. ಕುದುರೆ ಲಾಳದ ಆಕಾರದ ಗಾಳಿಚೀಲ. ಒಂದು ತುದಿಗೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆ, ಅದರ ಕೊನೆಗೆ ಗುಂಡಿ. ಬೆನ್ನಿನ ತಗಡಿಗೂ ಸಿಲಿಂಡರಿಗೂ ನಡುವೆ ಇದನ್ನು ಸಿಕ್ಕಿಸುತ್ತಾರೆ. ಗುಂಡಿ ಒತ್ತಿದರೆ ಸಿಲಿಂಡರಿನ ಗಾಳಿ ತುಂಬಿ ಎರಡು ಪಕ್ಕಕ್ಕೂ ಉಬ್ಬುತ್ತದೆ, ಅದಕ್ಕೇ ರೆಕ್ಕೆ ಎಂಬ ಹೆಸರು.

“ಇದಕ್ಕೆ ಎರಡೇ ಕೆಲಸ ಅಕ್ಕಾ. ಮೊದಲನೇದು, ನೀವು ನೀರಲ್ಲಿ ಸಾಮಾನು ಬಿಚ್ಚಿ ಬಿಟ್ರೆ, ಬರೀ ಸಾಮಾನು ತಾನೇ ತೇಲಬೇಕು. ಎರಡನೇದು, ಆಳಕ್ಕೆ ಹೋದ ಹಾಗೆ ನಿಮ್ಮ ರಬ್ಬರ್ ಅಂಗಿ ಹಿಂಡಿಹೋಗಿ ತೇಲಿಸೋ ಶಕ್ತಿ ಕಳ್ಕೊಳುತ್ತೆ. ಅಷ್ಟನ್ನ ಈ ರೆಕ್ಕೆ ತುಂಬಿಕೊಡಬೇಕು.”

“ಹಾಗಿದ್ರೆ ದೊಡ್ಡದೇ ತಗೊಂಡ್ರೆ ಕ್ಷೇಮ ಅಲ್ವಾ?”

“ಎಲ್ಲರೂ ಹಾಗೇ ಅಂದ್ಕೋತಾರೆ. ದೊಡ್ಡ ರೆಕ್ಕೆ ಅಣ್ಣನ ಅಂಗಿ ತಮ್ಮ ಹಾಕಿಕೊಂಡ ಹಾಗೆ. ಒಳಗೆ ಗಾಳಿ ಅತ್ತಿಂದಿತ್ತ ಓಡಾಡುತ್ತೆ, ನೀರಲ್ಲಿ ಎಳೆಯುತ್ತೆ, ಪೆಟ್ಟಿಗೇಲಿ ಭಾರ ಹೆಚ್ಚಿಸುತ್ತೆ. ಬೆಚ್ಚಗಿನ ಸಮುದ್ರಕ್ಕೆ ತೆಳು ಅಂಗಿ ಸಾಕು. ಅಲ್ಲಿ ಬಾಡಿಗೆಗೆ ಸಿಗೋದು ಹಗುರದ ಅಲ್ಯುಮಿನಿಯಂ ಸಿಲಿಂಡರು. ಅದಕ್ಕೆ ಇಷ್ಟು ಚಿಕ್ಕ ರೆಕ್ಕೆ ಧಾರಾಳ. ಆ ಫೋಟೋಗ್ರಾಫರ್ ಇದನ್ನೇ ಕೊಂಡಿದ್ದು. ಕೈಚೀಲದಲ್ಲಿ ಏಳು ಕಿಲೋ ಅಷ್ಟೇ ಬಿಡ್ತಾರೆ, ನನ್ನ ಕ್ಯಾಮೆರಾನೇ ನಾಲ್ಕು ಕಿಲೋ ಅಂತ ಗೋಳಾಡ್ಕೊಂಡು, ಒಂದೊಂದು ಬಕಲ್ಲನ್ನೂ ಇಲ್ಲೇ ತೂಗಿಸಿದ್ರು.”

“ಕ್ವಾರೀಲಿ ಸಿಕ್ಕಿದ್ದೂ ಇದೇ ಅಳತೇದು ತಾನೇ? ಇದನ್ನ ಕಟ್ಟಿಕೊಂಡು ಅಲ್ಲಿಗೆ ಇಳಿದ್ರೆ?”

ಯಜಮಾನಿ ರೆಕ್ಕೆಯ ಸುಕ್ಕನ್ನು ಅಂಗೈಯಿಂದ ಸವರಿದಳು. ನಂತರ ನಿಧಾನವಾಗಿ ಹೇಳಿದಳು. “ಕ್ವಾರಿ ನೀರು ಮೈ ಕೊರೆಯೋ ಥಂಡಿ. ಅದಕ್ಕೆ ದಪ್ಪ ಅಂಗಿ, ಉಕ್ಕಿನ ಸಿಲಿಂಡರು. ಚಿಕ್ಕ ರೆಕ್ಕೆಯಿಂದ ಆಗೋ ಕೆಲಸ ಅಲ್ಲ. ಅವರು ಯಾಕೆ ಹಾಗೆ ಮಾಡಿದ್ರು ಅಂತ ನನಗೂ ಹೊಳೆದಿಲ್ಲ ಅಕ್ಕಾ. ಇನ್‌ಸ್ಪೆಕ್ಟರ್‌ಗೆ ಹೇಳಿದೆ. ಮನುಷ್ಯ ಅಂದಮೇಲೆ ಒಂದಿನ ತಪ್ಪು ಮಾಡ್ತಾನೆ ಅಂದ್ರು.”

ಅಕ್ಕ ರೆಕ್ಕೆಯ ಕೊರಳಿನ ಚೀಟಿ ತಿರುಗಿಸಿದಳು. ಅದರಲ್ಲಿ ಯಜಮಾನಿಯ ಕೈಬರಹದಲ್ಲಿ ‘18’ ಎಂದಿತ್ತು. ಮುಂದೆ ಏನೂ ಇರಲಿಲ್ಲ.

“ಹದಿನೆಂಟು ಏನು?”

“ಎತ್ತೋ ಶಕ್ತಿ.”

“ಅದು ಗೊತ್ತಾಯ್ತು. ಹದಿನೆಂಟು ಏನು? ಕಿಲೋನಾ, ಮಣನಾ, ಸೇರಾ?”

“ಪೌಂಡು. ಆ ಕಂಪನಿಯವರು ಪೌಂಡಲ್ಲೇ ಹೇಳೋದು. ನಮ್ಮ ಲೆಕ್ಕದಲ್ಲಿ ಎಂಟು ಕಿಲೋ ಚಿಲ್ಲರೆ.”

“ಅಲ್ಲಿ ಕಪಾಟಿನಲ್ಲಿರೋದಕ್ಕೆ ಹದಿನಾರು ಅಂತ ಇದೆಯಲ್ಲ?”

“ಅದು ದೊಡ್ಡ ರೆಕ್ಕೆ. ಬೇರೆ ಕಂಪನಿ. ಅದು ಕಿಲೋ. ಆ ಫೋಟೋಗ್ರಾಫರ್ ಹತ್ರ ಅದೂ ಒಂದಿತ್ತು, ಕ್ವಾರಿಗೆ ಅಂತ.”

“ಪೌಂಡು ಅಂತ ಇಲ್ಲಿ ಬರೆದಿಲ್ಲ, ಕಿಲೋ ಅಂತ ಅಲ್ಲಿ ಬರೆದಿಲ್ಲ.”

“ಎಲ್ಲರಿಗೂ ಗೊತ್ತಿರುತ್ತೆ ಬಿಡಿ ಅಕ್ಕಾ.”

“ಎಲ್ಲರಿಗೂ ಅಂದ್ರೆ ಯಾರಿಗೆ?”

“ನೀರಿಗೆ ಇಳಿಯೋರಿಗೆ.”

ತಕ್ಕಡಿ ಅಕ್ಕ ಮೂವತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಸವೆದವಳು. ಆ ಹೆಸರು ಬಂದದ್ದೇ ಅಲ್ಲಿಂದ. ಸಂತೆ, ಪೇಟೆ, ಪೆಟ್ರೋಲ್ ಬಂಕು ಎಲ್ಲ ಕಡೆಯೂ ಅವಳದು ಒಂದೇ ಮಾತು: “ಮಾನ ಬಿಟ್ಟು ಬರೀಬೇಡಿ.” ಸಂಖ್ಯೆಯ ಮುಂದೆ ಕಿಲೋ ಎಂದೋ ಲೀಟರ್ ಎಂದೋ ಏಕಮಾನ ಹಾಕಿ ಎನ್ನುವುದು ಅವಳ ಅರ್ಥ. ಬೈದಳೆಂದು ತಿಳಿದು ಎಷ್ಟೋ ಅಂಗಡಿಯವರು ಮೇಲಧಿಕಾರಿಗೆ ದೂರು ಕೊಟ್ಟಿದ್ದರು. ಅವಳಿಗೆ ಅದರಿಂದ ಏನೂ ಆಗಿರಲಿಲ್ಲ, ಒಳಗೊಳಗೇ ಸ್ವಲ್ಪ ಖುಷಿಯೇ ಆಗಿತ್ತು.

“ಮಾನವಿಲ್ಲದ ಹದಿನೆಂಟು,” ಎಂದುಕೊಂಡಳು ಅಕ್ಕ. “ಮಾನವಿಲ್ಲದ ಹದಿನಾರು.” ಅವಳ ಕಣ್ಣು ಸಣ್ಣದಾಯಿತು.

ಚೀಲದಿಂದ ಮಹಜರಿನ ನಕಲು ತೆಗೆದು ಮೇಜಿನ ಮೇಲಿಟ್ಟಳು. ಹಳೆಯ ಪರಿಚಯದ ಗುಮಾಸ್ತನೊಬ್ಬನನ್ನು ಕಾಡಿ ಬೇಡಿ ತಂದದ್ದು. “ಪೊಲೀಸರ ಮುಳುಗುಗಾರ ಬರೆದದ್ದು ಇದು. ಇದರಲ್ಲಿ ಎರಡು ಸಾಲು ನನಗೆ ಅರ್ಥ ಆಗಿಲ್ಲ. ಓದ್ತೀನಿ, ಹೇಳು. ಒಂದು. ‘ಸಿಲಿಂಡರಿನ ಮುಳ್ಳು ನೂರ ತೊಂಬತ್ತರಲ್ಲಿತ್ತು.’”

“ಎಷ್ಟು?”

“ನೂರ ತೊಂಬತ್ತು.”

“ಅದು ಗಾಳಿಯ ಒತ್ತಡ, ಬಾರ್ ಲೆಕ್ಕದಲ್ಲಿ. ನಾನು ತುಂಬಿಕೊಟ್ಟಿದ್ದು ಇನ್ನೂರು. ಕ್ವಾರಿ ಥಂಡಿಗೇ ಹತ್ತು ಇಳಿಯುತ್ತೆ.” ಯಜಮಾನಿ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. “ಅಂದ್ರೆ ಅದರಿಂದ ಒಬ್ಬರೂ ಉಸಿರಾಡಿಲ್ಲ. ದಡದಿಂದ ಆ ಮೆಟ್ಟಿಲಿಗೆ ಹೋಗೋಕೇ ಕಾಲು ಗಂಟೆ ಬೇಕು. ನೂರ ಅರವತ್ತಾದ್ರೂ ಆಗಿರಬೇಕಿತ್ತು.”

“ಎರಡನೇ ಸಾಲು. ‘ಆಳದಲ್ಲಿ ರೆಕ್ಕೆಯು ಬಾಡಿದಂತಿದ್ದು, ಮೇಲೆ ತರುವಾಗ ತಾನಾಗಿ ಉಬ್ಬಿ, ದಡ ಸೇರುವಷ್ಟರಲ್ಲಿ ಗಟ್ಟಿಯಾಗಿತ್ತು.’ ಬಾಡಿದಂತೆ ಅನ್ನೋ ಮಾತಿಗೆ ಇನ್‌ಸ್ಪೆಕ್ಟರ್ ಕೆಂಪು ಗೆರೆ ಎಳೆದಿದ್ದಾನೆ. ಗಾಳಿ ಸೋರಿಹೋಗಿದೆ, ಅದಕ್ಕೇ ಬಾಡಿದೆ ಅಂತ.”

ಯಜಮಾನಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಮೇಜಿನಂಚಿಗೆ ಒರಗಿ ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಅಕ್ಕಾ, ಇಪ್ಪತ್ತು ಮೀಟರ್ ಕೆಳಗೆ ನೀರಿನ ಒತ್ತಡಕ್ಕೆ ಗಾಳಿ ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತೆ. ಬಾಡದೆ ಇನ್ನೇನಾಗುತ್ತೆ? ಮೇಲೆ ತಂದ ಹಾಗೆ ಅದೇ ಗಾಳಿ ಹಿಗ್ಗುತ್ತೆ. ಗಟ್ಟಿಯಾಯ್ತು ಅಂದ್ರೆ, ಹಾಕಿದ ಗಾಳಿ ಹಾಕಿದ ಹಾಗೇ ಇತ್ತು ಅಂತ ಅರ್ಥ. ಐದು ದಿನ. ಐದು ದಿನ ನೀರಡಿಯಲ್ಲಿ ಬಿದ್ದಿದ್ರೂ ಒಂದು ಗುಳ್ಳೆ ಆಚೆ ಹೋಗಿಲ್ಲ. ನಿಮ್ಮ ತಮ್ಮ ಹಾಕಿದ ಸೀಲು ಅದು.”

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕೂತಳು. ಎದೆಯ ಮೇಲೆ ಹನ್ನೊಂದು ದಿನದಿಂದ ಕೂತಿದ್ದದ್ದು ಎದ್ದು ಹೋಯಿತು. ಉಸಿರು ಹೊಟ್ಟೆಯ ತಳದ ತನಕ ಇಳಿಯಿತು.

ಅವಳು ಎದ್ದು ಹಿಂದಿನ ಕೋಣೆಗೆ ಹೋದಳು. ತಮ್ಮ ತಲೆಯೆತ್ತಿ ನೋಡಿದ.

“ಅಕ್ಕಾ, ಬಂದ್ರಾ ಅವರು?”

“ಇಲ್ಲ. ಲೋ, ಆ ರೆಕ್ಕೆ ಹೇಗೆ ಪರೀಕ್ಷೆ ಮಾಡಿದೆ ನೀನು?”

“ಹತ್ತು ಸಲ ಹೇಳಿದೀನಲ್ಲ. ಗಾಳಿ ತುಂಬಿ ಒಂದು ರಾತ್ರಿ ಇಟ್ಟೆ. ಬೆಳಗ್ಗೆ ತೊಟ್ಟೀಲಿ ಮುಳುಗಿಸಿ ಗುಳ್ಳೆ ನೋಡಿದೆ. ಇನ್ನೊಂದು ರಾತ್ರಿ ಇಟ್ಟೆ.”

“ಎರಡು ರಾತ್ರಿ ಯಾಕೋ? ಒಂದು ಸಾಕಲ್ವಾ?”

“ನಾನು ಮರೆಗುಳಿ ಅಲ್ವಾ? ಮೊದಲನೇ ಸಲ ಏನಾದ್ರೂ ಮರೆತಿರ್ತೀನಿ ಅಂತ ಎಲ್ಲಾನೂ ಎರಡು ಸಲ ಮಾಡ್ತೀನಿ,” ಎಂದ ತಮ್ಮ.

ಅಕ್ಕ ಅವನ ತಲೆಯ ಮೇಲೆ ಒಂದು ಮೊಟಕಿದಳು. ಹಾಗೇ ಕೈಯನ್ನು ಅಲ್ಲೇ ಬಿಟ್ಟಳು. ಅವನ ಮೇಲೆ ಸಂಶಯಪಟ್ಟದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. “ಊಟ ಮಾಡಿದೀಯಾ?” ಎಂದಷ್ಟೇ ಕೇಳಿದಳು.

“ಇಲ್ಲ.”

“ಮಾಡು. ನಾಲ್ಕು ಗಂಟೆಗೆ ನೀನು ಎಲ್ಲೂ ಹೋಗಲ್ಲ.”

ಮೂರಕ್ಕೆ ಐದು ನಿಮಿಷವಿರುವಾಗ ಹಲ್ಲಿನ ಡಾಕ್ಟರು ಬಂದರು. ಫೋಟೋಗ್ರಾಫರಳ ಗಂಡ. ಅಕ್ಕನೇ ಫೋನ್ ಮಾಡಿ ಕರೆಸಿದ್ದಳು. ಎತ್ತರದ, ಮೃದು ದನಿಯ ಮನುಷ್ಯ. ಎದುರಿಗಿರುವವರ ಬಾಯಿ ನೋಡುತ್ತಲೇ ಮಾತಾಡುವ ಅಭ್ಯಾಸ. ಹನ್ನೊಂದು ದಿನದಲ್ಲಿ ಗಡ್ಡ ಬಿಟ್ಟಿದ್ದರು. ಅಳು ಮಾತ್ರ ಒಂದು ದಿನವೂ ಸರಿಯಾಗಿ ಬಂದಿರಲಿಲ್ಲ ಎನ್ನುವುದನ್ನು ಅಕ್ಕ ಗಮನಿಸಿದ್ದಳು.

“ಏನೋ ಗುರುತಿಸಬೇಕು ಅಂದ್ರಿ,” ಎಂದರು.

“ಗುರುತೇನಿಲ್ಲ, ಸಣ್ಣ ಸಹಾಯ.” ಅಕ್ಕ ಮೇಜಿನ ಮೇಲೆ ಎರಡು ಬಲೆಚೀಲ ಇಟ್ಟಿದ್ದಳು. ಒಳಗಿನ ರೆಕ್ಕೆಗಳು ಸುತ್ತಿಟ್ಟ ಕೊಡೆಯ ಬಟ್ಟೆಯಂತೆ ಒಂದೇ ಗಾತ್ರಕ್ಕೆ ಕಾಣುತ್ತಿದ್ದವು. ಒಂದರ ಚೀಟಿಯಲ್ಲಿ 16, ಇನ್ನೊಂದರಲ್ಲಿ 18. “ಇದರಲ್ಲಿ ದೊಡ್ಡದನ್ನ ಇತ್ತ ಕೊಡಿ ಡಾಕ್ಟ್ರೇ. ನನ್ನ ಮಂಡಿ ಏಳೋಕೆ ಬಿಡ್ತಿಲ್ಲ.”

ಡಾಕ್ಟರು ಚೀಟಿ ನೋಡಿ ಹದಿನೆಂಟನ್ನು ಎತ್ತಿ ಅವಳ ಕೈಗಿಟ್ಟರು.

ಗಲ್ಲಾಪೆಟ್ಟಿಗೆಯ ಹಿಂದೆ ಯಜಮಾನಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು.

“ಇದು ಪೌಂಡು ಡಾಕ್ಟ್ರೇ,” ಎಂದಳು ಅಕ್ಕ. “ಎಂಟು ಕಿಲೋ. ಹದಿನಾರು ಅಂತ ಇದೆಯಲ್ಲ, ಅದು ಕಿಲೋ. ಇದರ ಎರಡರಷ್ಟು.”

ಡಾಕ್ಟರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈ ಮಾತ್ರ ತಾನಾಗಿ ಇನ್ನೊಂದು ಚೀಲದ ಕಡೆಗೆ ಹೋಗಿ, ಅರ್ಧದಲ್ಲಿ ನಿಂತಿತು.

“ನೀರಿಗಿಳಿಯೋರು ಯಾರೂ ಈ ತಪ್ಪು ಮಾಡಲ್ಲವಂತೆ. ನಿಮ್ಮ ಹೆಂಡತಿ ಮಾಡೋ ಮಾತೇ ಇಲ್ಲ. ಆ ಸಾಮಾನು ಕಟ್ಟಿದೋರು ನೀರಿಗೆ ಇಳಿಯದೋರು, ಆದ್ರೆ ಕಟ್ಟೋದನ್ನ ನೋಡಿ ನೋಡಿ ಕಲಿತೋರು. ನಿಮ್ಮ ಮನೆ ಕಪಾಟಿನಿಂದ ತೆಗೆದೋರು. ಆ ಸಿಲಿಂಡರಿಂದ ಯಾರೂ ಒಂದು ಉಸಿರೂ ಎಳೆದಿಲ್ಲ. ಅಂದ್ರೆ ಅದರ ಜೊತೆ ನೀರಿಗೆ ಯಾರೂ ಹೋಗಿಲ್ಲ.”

“ನೀವು ಏನು ಹೇಳ್ತಿದೀರಿ ಅಂತ—”

“ಒಳಗೆ ನನ್ನ ತಮ್ಮ ಕೂತಿದಾನೆ. ಇನ್ನೊಂದು ಗಂಟೆಗೆ ಅವನನ್ನ ಕರ್ಕೊಂಡು ಹೋಗ್ತಾರೆ. ಕೊಲೆ ಮಾಡಿದ ಹಾಗೆ ಲೆಕ್ಕ. ಅವನ ಹತ್ರ ನಿಮ್ಮ ಹೆಂಡತಿ ಎಂಟು ವರ್ಷದಿಂದ ಸಾಮಾನು ರಿಪೇರಿ ಮಾಡಿಸ್ತಿದಾರೆ. ಅವನ ಮುಖ ನೋಡ್ಕೊಂಡು ಸುಮ್ಮನಿರ್ತೀರಾ? ಇದ್ರೆ ಹೇಳಿ, ಕರೀತೀನಿ.”

ಡಾಕ್ಟರು ಒಳಕೋಣೆಯ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ತಮ್ಮ ಊಟದ ಡಬ್ಬಿ ಹಿಡಿದುಕೊಂಡು ಆಗಲೇ ನಿಂತಿದ್ದ. ಕೆನ್ನೆಯ ಮೇಲೆ ಒಂದು ಅನ್ನದ ಅಗುಳಿತ್ತು. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಗಾಬರಿ ಮಾತ್ರ ಇತ್ತು.

ಅದನ್ನು ನೋಡಿ ಡಾಕ್ಟರು ಕುರ್ಚಿಗೆ ಕುಸಿದರು. “ಇದು ಹೀಗಾಗುತ್ತೆ ಅಂತ ನಮಗೆ ಗೊತ್ತಿರಲಿಲ್ಲ. ಅವಳು ಬದುಕಿದಾಳೆ.”

ತಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಗೋಡೆಗೆ ಒರಗಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಅಬ್ಬಾ,” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಅಬ್ಬಾ, ನಾನಲ್ಲ,” ಎಂದ. ಹನ್ನೊಂದು ದಿನ ಅವನೂ ತನ್ನನ್ನು ನಂಬಿರಲಿಲ್ಲವೆಂದು ಅಕ್ಕನಿಗೆ ಆಗ ಗೊತ್ತಾಯಿತು.

ಡಾಕ್ಟರು ಎಲ್ಲವನ್ನೂ ಹೇಳಿದರು. ತಿಂಗಳ ಹಿಂದೆ ಹೆಂಡತಿ ಕ್ವಾರಿಯ ತಳದಲ್ಲಿ ಒಂದು ಕಾರು ಕಂಡಿದ್ದಳು, ಒಳಗೆ ಮನುಷ್ಯನ ಆಕಾರವೊಂದಿತ್ತು. ನಂಬರ್ ಪ್ಲೇಟಿನ ಚಿತ್ರ ತೆಗೆದುಕೊಂಡು ಬಂದಿದ್ದಳು. ಮರುದಿನದಿಂದಲೇ ಬೆದರಿಕೆಯ ಫೋನು. ಮೂರನೆಯ ವಾರ ಅವಳ ಸ್ಕೂಟರಿನ ಬ್ರೇಕನ್ನು ಯಾರೋ ಕತ್ತರಿಸಿದ್ದರು.

“ಪೊಲೀಸರಿಗೆ ಹೇಳಬೇಕಿತ್ತು,” ಎಂದಳು ಯಜಮಾನಿ.

“ಫೋನ್ ಮಾಡ್ತಿದ್ದೋನಿಗೆ ಅವಳು ಎಷ್ಟು ಹೊತ್ತಿಗೆ ಎಲ್ಲಿ ಇರ್ತಾಳೆ ಅಂತ ಗೊತ್ತಿರ್ತಿತ್ತು. ಯಾರನ್ನ ನಂಬೋದು? ಹದಿನೈದು ದಿನ ಸತ್ತ ಹಾಗೆ ಇರ್ತೀನಿ, ಅಷ್ಟರಲ್ಲಿ ಚಿತ್ರಗಳನ್ನ ಸರಿಯಾದ ಕಡೆ ತಲುಪಿಸ್ತೀನಿ ಅಂದಳು. ಸಾಮಾನಿಗೆ ಗಾಳಿ ತುಂಬಿ ತೇಲಿಬಿಡಿ, ನೋಡಿದೋರು ಮುಳುಗಿದಳು ಅಂದ್ಕೋತಾರೆ. ದೊಡ್ಡ ರೆಕ್ಕೆ ಕ್ವಾರಿಗೆ, ಚಿಕ್ಕದು ನನ್ನ ಪೆಟ್ಟಿಗೆಗೆ. ಹೀಗಂತ ಹೇಳಿ ವಿಮಾನ ಹತ್ತಿದಳು. ಸಮುದ್ರದ ಕಡೆ ಅವಳ ಗೆಳತಿ ಒಬ್ಬಳು ಡೈವಿಂಗ್ ಕಲಿಸ್ತಾಳೆ, ಅವಳ ಮನೇಲಿದಾಳೆ. ತಲುಪಿದೆ ಅಂತ ಒಂದು ಮಾತು ಹೇಳಿದ್ದೇ ಕೊನೆ. ಅರ್ಜೆಂಟ್ ಇಲ್ಲದೆ ಫೋನ್ ಮಾಡಬೇಡಿ ಅಂದಿದಾಳೆ.”

“ನೀವು ಅವರ ಪೆಟ್ಟಿಗೆಗೆ ಹಾಕಿದ್ದು?”

“ಹದಿನಾರು,” ಎಂದರು ಡಾಕ್ಟರು ಸಣ್ಣ ದನಿಯಲ್ಲಿ.

“ಹಾಗಾದ್ರೆ ಆ ತಾಯಿ ಅಣ್ಣನ ಅಂಗಿ ಹಾಕಿಕೊಂಡು ಸಮುದ್ರದಲ್ಲಿ ತೇಲ್ತಿದಾರೆ,” ಎಂದ ತಮ್ಮ. ಹನ್ನೊಂದು ದಿನದಲ್ಲಿ ಅವನಾಡಿದ ಮೊದಲ ತಮಾಷೆ. ಯಜಮಾನಿ ಫಕ್ಕನೆ ನಕ್ಕಳು, ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅವರಿಗೆ ಬಹಳ ದಿನದಿಂದ ಬಾಕಿಯಿದ್ದ ಅಳು ಬಂತು. ಯಜಮಾನಿ ನೀರು ತಂದುಕೊಟ್ಟಳು.

“ಇನ್‌ಸ್ಪೆಕ್ಟರ್ ಮುಂದೆ ಇಷ್ಟನ್ನೂ ಹೇಳ್ತೀರಾ?” ಅಕ್ಕ ಕೇಳಿದಳು.

“ಹೇಳ್ತೀನಿ. ಇವರನ್ನ ಒಳಗೆ ಹಾಕೋಕೆ ಬಿಡಲ್ಲ.”

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಕೆಲಸ ಮುಗಿಯಿತು, ಇನ್ನು ಕಾಫಿ ಕುಡಿಯಬಹುದು ಎನ್ನಿಸಿತು.

ಆಗ ಡಾಕ್ಟರು ಮೂಗು ಒರೆಸಿಕೊಳ್ಳುತ್ತ ಹೇಳಿದರು. “ಚಿಕ್ಕ ರೆಕ್ಕೆ ಕಟ್ಟಿದ ನನ್ನ ತಪ್ಪಿಗೇ ಆ ಸಾಮಾನು ಆಮೇಲೆ ಮುಳುಗಿರಬೇಕು. ನಾನು ಹೊರಡುವಾಗ ಚೆನ್ನಾಗಿ ತೇಲ್ತಾ ಇತ್ತು.”

ಅಕ್ಕನ ಕೈ ನಿಂತಿತು. “ತೇಲ್ತಾ ಇತ್ತಾ?”

“ಹತ್ತು ನಿಮಿಷ ನಿಂತು ನೋಡಿದೀನಿ. ಸಿಲಿಂಡರಿನ ತಲೆ ನೀರಿನ ಮೇಲೇ ಇತ್ತು.”

“ಗಾಳಿ ಸೋರದಿದ್ರೆ ತೇಲೋದು ತೇಲ್ತಾನೇ ಇರಬೇಕು. ಸೋರಿಲ್ಲ ಅಂತ ಆಗಲೇ ಗೊತ್ತಾಗಿದೆ.” ಅವಳು ತಮ್ಮನ ಕಡೆ ತಿರುಗಿದಳು. “ಲೋ, ಹಾಗೇ ಒಂದು ಕಟ್ಟು. ಉಕ್ಕಿನ ಸಿಲಿಂಡರು, ತಗಡು, ಇದೇ ಚಿಕ್ಕ ರೆಕ್ಕೆ.”

ಅಂಗಡಿಯ ಹಿಂದೆ ಕಲಿಯುವವರಿಗೆಂದು ಕಟ್ಟಿದ ತೊಟ್ಟಿಯಿತ್ತು, ಎರಡಾಳು ಆಳ. ತಮ್ಮ ಆರು ನಿಮಿಷದಲ್ಲಿ ಕಟ್ಟಿದ, ಆಮೇಲೆ ಇನ್ನೊಮ್ಮೆ ಎಲ್ಲ ಪಟ್ಟಿಯನ್ನೂ ಎಳೆದು ನೋಡಿದ. ರೆಕ್ಕೆಗೆ ಗಾಳಿ ತುಂಬಿ ನೀರಿಗೆ ಬಿಟ್ಟ. ಸಾಮಾನು ಒಮ್ಮೆ ಮುಳುಗಿ ಎದ್ದು, ಮೂಗು ಮಾತ್ರ ಹೊರಗಿಟ್ಟ ಎಮ್ಮೆಯ ಹಾಗೆ ನಿಂತಿತು.

“ಇಷ್ಟೇ,” ಎಂದರು ಡಾಕ್ಟರು. “ಹೀಗೇ ಇತ್ತು.”

“ಎಲ್ಲಾ ಸೇರಿ ಏಳು ಕಿಲೋ ಕೆಳಗೆ ಎಳೆಯುತ್ತೆ, ರೆಕ್ಕೆ ಎಂಟು ಎತ್ತುತ್ತೆ,” ಎಂದಳು ಯಜಮಾನಿ. “ಸೀಸ ಹಾಕದಿದ್ರೆ ನಾಳೆ ಬೆಳಗ್ಗೆ ಬಂದ್ರೂ ಹೀಗೇ ಇರುತ್ತೆ.”

ಅಕ್ಕ ಮಹಜರಿನ ಕೊನೆಯ ಹಾಳೆ ತಿರುಗಿಸಿದಳು. ವಶಪಡಿಸಿಕೊಂಡ ವಸ್ತುಗಳ ಪಟ್ಟಿ. ನೀರಿಗಿಳಿಯುವವರು ಭಾರಕ್ಕೆ ಸೀಸ ಕಟ್ಟಿಕೊಳ್ಳುತ್ತಾರೆಂದು ಕೇಳಿದ್ದರಿಂದ ಆ ಸಾಲಿನ ಮೇಲೆ ಅವಳ ಕಣ್ಣು ನಿಂತಿರಲಿಲ್ಲ. ಈಗ ಗಟ್ಟಿಯಾಗಿ ಓದಿದಳು. “‘ಸೀಸದ ಚೀಲ ಎರಡು. ತಲಾ ಮೂರು ಕಿಲೋ. ಸೊಂಟದ ಪಟ್ಟಿಯ ಎರಡೂ ಬದಿಗೆ ಬಕಲ್ ಹಾಕಿ ಭದ್ರ ಮಾಡಿದ್ದು.’”

“ಸೀಸವಾ?” ಡಾಕ್ಟರು ಕೇಳಿದರು. “ನಾನು ಸೀಸ ಮುಟ್ಟೇ ಇಲ್ಲ. ಅವಳ ಸೀಸ ನಮ್ಮ ಮನೆ ಕಾರ್ ಶೆಡ್ಡಲ್ಲೇ ಇದೆ. ಈಗ ಬಂದ್ರೂ ತೋರಿಸ್ತೀನಿ.”

ತಮ್ಮ ಗೋಡೆಯ ಮೊಳೆಯಿಂದ ಎರಡು ಸೀಸದ ಚೀಲ ತೆಗೆದು, ಬಗ್ಗಿ, ತೇಲುತ್ತಿದ್ದ ಸಾಮಾನಿನ ಸೊಂಟಕ್ಕೆ ಸಿಕ್ಕಿಸಿದ. ಅದು ಸದ್ದಿಲ್ಲದೆ ತಳಕ್ಕೆ ಇಳಿದುಹೋಯಿತು.

“ಯಾರೋ ಅಲ್ಲಿದ್ರು,” ಎಂದಳು ಅಕ್ಕ. “ನೀವು ಹೋದ ಮೇಲೆ ಈಜಿಕೊಂಡು ಹೋಗಿ ನೋಡಿದಾರೆ. ಒಳಗೆ ಯಾರೂ ಇಲ್ಲ ಅಂತ ಗೊತ್ತಾಗಿದೆ. ಆಮೇಲೆ ತಮ್ಮದೇ ಸೀಸ ಕಟ್ಟಿ ಮುಳುಗಿಸಿದಾರೆ, ಸಾವು ನಿಜ ಅನ್ನಿಸಲಿ ಅಂತ.”

“ಅದರಿಂದ ಅವರಿಗೇನು ಲಾಭ?” ಯಜಮಾನಿ ಕೇಳಿದಳು. “ಇವರ ನಾಟಕಕ್ಕೇ ಸಹಾಯ ಮಾಡಿದ ಹಾಗಾಯ್ತಲ್ಲ?”

“ಸತ್ತಳು ಅಂತ ಷರಾ ಬಿದ್ದ ಮೇಲೆ ಬೇರೆ ಕಡೆ ಅವಳಿಗೆ ಏನಾದ್ರೂ ಯಾರೂ ಹುಡುಕಲ್ಲಮ್ಮ. ಸತ್ತವರನ್ನ ಇನ್ನೊಂದು ಸಲ ಕೊಂದ್ರೆ ಕೇಸಾಗಲ್ಲ.” ಅಕ್ಕ ಡಾಕ್ಟರ ಕಡೆ ತಿರುಗಿದಳು. “ಅವರು ಬದುಕಿದಾರೆ ಅನ್ನೋದು ನಿಮ್ಮೊಬ್ಬರಿಗೇ ಗೊತ್ತು ಅಂದ್ಕೊಂಡಿದ್ರಿ. ಇನ್ನೊಬ್ಬರಿಗೂ ಗೊತ್ತಿದೆ. ಹನ್ನೊಂದು ದಿನದಿಂದ ಗೊತ್ತಿದೆ. ಇದಕ್ಕಿಂತ ಅರ್ಜೆಂಟು ಬೇಡ, ಫೋನ್ ಮಾಡಿ.”

ಡಾಕ್ಟರ ಬೆರಳು ಎರಡು ಸಲ ತಪ್ಪು ನಂಬರ್ ಒತ್ತಿತು. ಮೂರನೆಯ ಸಲ ಗಂಟೆ ಹೋಯಿತು. ಅಕ್ಕ ಫೋನನ್ನು ಎಲ್ಲರಿಗೂ ಕೇಳುವಂತೆ ತೊಟ್ಟಿಯ ಕಟ್ಟೆಯ ಮೇಲೆ ಇಡಿಸಿದಳು. ಹೊರಗೆ ಬೀದಿಯಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಅಕ್ಕನಿಗೆ ಈಗ ಅದರ ಹೆದರಿಕೆ ಇರಲಿಲ್ಲ, ಬೇಗ ಒಳಗೆ ಬರಲಿ ಎನ್ನಿಸಿತು.

ಆ ಕಡೆ ಗೆಳತಿ ಫೋನ್ ಎತ್ತಿದಳು. ಹಿಂದೆ ಗಾಳಿಯ ಸದ್ದು, ಯಾರದೋ ನಗು. ದನಿ ಬಹಳ ಹಗುರವಾಗಿತ್ತು.

“ಓ, ನೀವಾ? ಅವಳಿಗೆ ಕೊಡೋಣ ಅಂದ್ರೆ ಈಗಷ್ಟೇ ದೋಣಿ ಹತ್ತಿದಳಲ್ಲ. ಮೊನ್ನೆಯಿಂದ ದೊಡ್ಡ ರೆಕ್ಕೆ ಹಾಕಿಕೊಂಡು ನಿಮ್ಮನ್ನ ಬೈದದ್ದೇ ಬೈದದ್ದು. ಇವತ್ತು ಬೆಳಗ್ಗೆ ನೀವು ಕಳಿಸಿದ ಚಿಕ್ಕ ರೆಕ್ಕೆ ಪಾರ್ಸಲ್ ಬಂತು ನೋಡಿ, ಸಿಟ್ಟೆಲ್ಲ ಇಳಿದುಹೋಯ್ತು. ಅದನ್ನೇ ಕಟ್ಟಿಕೊಂಡು ಆಳಕ್ಕೆ ಹೋಗ್ತೀನಿ ಅಂತ ಹೊರಟಳು.”

ಡಾಕ್ಟರು ಏನನ್ನೂ ಕಳಿಸಿರಲಿಲ್ಲ.